ಅಬ್ಖಾಜಿಯಾ ದೇಶವೋ ಅಲ್ಲವೋ? ಟಿಬಿಲಿಸಿಯಲ್ಲಿ ಓದುವ ಮಗಳು ಅಲ್ಲಿಗೆ ಹೋಗಬಹುದೇ?

ಪ್ರಶ್ನೆ: ನನ್ನ ಮಗಳು ಜಾರ್ಜಿಯಾದ ಟಿಬಿಲಿಸಿಯಲ್ಲಿ ಮೆಡಿಕಲ್ ಮೂರನೇ ವರ್ಷ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಗೆಳತಿಯರ ಜೊತೆ ರಷ್ಯಾದ ಸೋಚಿಗೆ ಹೋಗಿ, ಅಲ್ಲಿಂದ ಪಕ್ಕದ ಅಬ್ಖಾಜಿಯಾ ನೋಡಿಕೊಂಡು ವಾಪಸ್ ಟಿಬಿಲಿಸಿಗೆ ಬರುವ ಯೋಚನೆ ಮಾಡಿದ್ದಾರೆ. ಟೂರ್ ಏಜೆಂಟ್ ಹೇಳುವುದು: "ಅದು ಬೇರೆ ದೇಶ. ರಷ್ಯಾ ವೀಸಾ ಇದ್ದರೆ ಸಾಕು. ಪಾಸ್‌ಪೋರ್ಟಿಗೆ ಸೀಲನ್ನೂ ಹಾಕುವುದಿಲ್ಲ." ಕಾಲೇಜಿನ ಸೀನಿಯರ್ ಒಬ್ಬಳು "ಹೋದರೆ ಜೈಲೇ ಗತಿ" ಎಂದು ಹೆದರಿಸಿದ್ದಾಳೆ. ಓದಿದರೆ ಒಂದು ಕಡೆ ಸ್ವತಂತ್ರ ಗಣರಾಜ್ಯ ಎಂದಿದೆ, ಇನ್ನೊಂದು ಕಡೆ ಆಕ್ರಮಿತ ಪ್ರದೇಶ ಎಂದಿದೆ. ಯಾವುದನ್ನು ನಂಬುವುದು? ಅಲ್ಲಿ ಈಗಲೂ ಯುದ್ಧ ಇದೆಯೇ? ಹೋಗಲೇಬೇಕೆಂದರೆ ಸರಿಯಾದ ದಾರಿ ಯಾವುದು?
ದಾವಣಗೆರೆಯ ಓದುಗರೊಬ್ಬರು

ಉತ್ತರ: ತಕ್ಷಣಕ್ಕೆ ಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಚಿ ಕಡೆಯಿಂದ ಹೋಗುವುದು ಬೇಡ. ಏಜೆಂಟ್ ಹೇಳಿದ್ದರಲ್ಲಿ ಸೀಲಿನ ಮಾತು ಹೆಚ್ಚುಕಡಿಮೆ ನಿಜ, ಆದರೆ ತೊಂದರೆ ಶುರುವಾಗುವುದೇ ಅಲ್ಲಿಂದ. ಸೀನಿಯರ್ ಹೇಳಿದ್ದು ಸ್ವಲ್ಪ ಉತ್ಪ್ರೇಕ್ಷೆ, ಆದರೂ ದಿಕ್ಕು ಸರಿಯಾಗಿದೆ.

ನಿಮ್ಮ ಆತಂಕದಲ್ಲಿ ಎರಡು ಪ್ರಶ್ನೆ ಒಟ್ಟಿಗೆ ಸೇರಿಕೊಂಡಿವೆ. ಆ ನೆಲದಲ್ಲಿ ಈಗ ಆಡಳಿತ ನಡೆಸುತ್ತಿರುವವರು ಯಾರು ಎಂಬುದು ಒಂದು. ಆ ನೆಲ ಕಾನೂನಿನಲ್ಲಿ ಯಾರದು ಎಂಬುದು ಇನ್ನೊಂದು. ಪಹಣಿ ಒಬ್ಬರ ಹೆಸರಿನಲ್ಲಿದ್ದು ಉಳುಮೆ ಇನ್ನೊಬ್ಬರದಾಗಿರುವ ಜಮೀನಿನ ಹಾಗೆ ಇದು. ಉಳುವವರು ಅಬ್ಖಾಜರು, ಅವರ ಬೆನ್ನಿಗಿರುವುದು ರಷ್ಯಾ. ಪಹಣಿ ಮಾತ್ರ ಜಗತ್ತಿನ ಬಹುತೇಕ ದೇಶಗಳ ಕಡತದಲ್ಲಿ ಜಾರ್ಜಿಯಾದ ಹೆಸರಿನಲ್ಲಿದೆ. ನಿಮ್ಮ ಮಗಳು ಓದುತ್ತಿರುವುದು ಆ ಪಹಣಿಯ ಒಡೆಯನ ಮನೆಯಲ್ಲಿ. ಅವಳಿಗೆ ಮುಖ್ಯವಾಗುವುದು ಅವನ ಕಾನೂನು.

ಆ ಕಾನೂನು ಹೀಗಿದೆ. ರಷ್ಯಾ ಜೊತೆಗಿನ 2008ರ ಆಗಸ್ಟ್ ಯುದ್ಧ ಮುಗಿದ ಮೇಲೆ, ಅದೇ ಅಕ್ಟೋಬರಿನಲ್ಲಿ ಜಾರ್ಜಿಯಾ 'ಆಕ್ರಮಿತ ಪ್ರದೇಶಗಳ ಕಾಯ್ದೆ'ಯನ್ನು ತಂದಿತು. ಅದರ ಪ್ರಕಾರ ವಿದೇಶಿಯರು ಅಬ್ಖಾಜಿಯಾಕ್ಕೆ ಹೋಗಬೇಕಾದರೆ ಜುಗ್ದಿದಿ ಕಡೆಯಿಂದ, ಅಂದರೆ ಜಾರ್ಜಿಯಾದ ಹಿಡಿತದಲ್ಲಿರುವ ನೆಲದ ಮೂಲಕವೇ ಹೋಗಬೇಕು. ರಷ್ಯಾ ಕಡೆಯಿಂದ, ಪ್ಸೋವ್ ನದಿ ದಾಟಿ ಹೋದರೆ ಅದು ಕ್ರಿಮಿನಲ್ ಅಪರಾಧ. ಶಿಕ್ಷೆ ದಂಡವಾಗಬಹುದು, ಇಲ್ಲವೇ ವರ್ಷಗಳ ಲೆಕ್ಕದ ಜೈಲಾಗಬಹುದು. ತರ್ಕ ಸರಳ. ಜಾರ್ಜಿಯಾದ ದೃಷ್ಟಿಯಲ್ಲಿ ಅಬ್ಖಾಜಿಯಾ ಜಾರ್ಜಿಯಾವೇ. ಹಾಗಿದ್ದಮೇಲೆ ಪ್ಸೋವ್ ಮೂಲಕ ಬಂದವರು ಜಾರ್ಜಿಯಾದ ಗಡಿಯನ್ನು ಜಾರ್ಜಿಯಾದ ಅಧಿಕಾರಿಗೆ ಪಾಸ್‌ಪೋರ್ಟ್ ತೋರಿಸದೆ ದಾಟಿದವರು.

ಇನ್ನು ಸೀಲಿನ ಮಾತು. ಅಬ್ಖಾಜರು ಸಾಮಾನ್ಯವಾಗಿ ಪಾಸ್‌ಪೋರ್ಟಿನ ಮೇಲೆ ಸೀಲು ಒತ್ತುವುದಿಲ್ಲ, ವೀಸಾವನ್ನೂ ಬೇರೆ ಹಾಳೆಯಲ್ಲಿ ಕೊಡುತ್ತಾರೆ. ಆದರೆ ರಷ್ಯಾ ಒತ್ತುತ್ತದೆ. ಅದಕ್ಕೆ ಅಬ್ಖಾಜಿಯಾ ಬೇರೆ ದೇಶ, ಹಾಗಾಗಿ ಪ್ಸೋವ್‌ನಲ್ಲಿ ದಾಟಿದರೆ ರಷ್ಯಾದಿಂದ ನಿರ್ಗಮನ. ರಷ್ಯಾದ ಸೀಲಿನಲ್ಲಿ ದಿನಾಂಕ ಇರುತ್ತದೆ, ಗಡಿಠಾಣೆಯ ಹೆಸರು ಇರುತ್ತದೆ, ರಸ್ತೆಯೋ ರೈಲೋ ವಿಮಾನವೋ ಎಂಬ ಚಿತ್ರವೂ ಇರುತ್ತದೆ. ಈಗ ಆ ಪುಟವನ್ನು ಟಿಬಿಲಿಸಿಗೆ ಮರಳುವಾಗ ರಷ್ಯಾ-ಜಾರ್ಜಿಯಾ ನಡುವಿನ ಲಾರ್ಸ್ ಗಡಿಯಲ್ಲಿ ಕೂತ ಜಾರ್ಜಿಯಾದ ಅಧಿಕಾರಿ ನೋಡುತ್ತಾನೆ ಎಂದುಕೊಳ್ಳಿ. ಹುಡುಗಿ ಸೋಮವಾರ ರಸ್ತೆ ಮೂಲಕ ರಷ್ಯಾ ಬಿಟ್ಟಿದ್ದಾಳೆ, ಗುರುವಾರ ಅದೇ ಠಾಣೆಯಲ್ಲಿ ಮತ್ತೆ ಒಳಬಂದಿದ್ದಾಳೆ. ನಡುವೆ ಯಾವ ದೇಶದ ಸೀಲೂ ಇಲ್ಲ. ಆ ಮೂರು ದಿನ ಎಲ್ಲಿದ್ದಳು ಎಂದು ಊಹಿಸಲು ಅವನಿಗೆ ಅರ್ಧ ನಿಮಿಷ ಸಾಕು. ಏಜೆಂಟರು ಧೈರ್ಯ ತುಂಬುವುದು ಇಲ್ಲದ ಸೀಲನ್ನು ತೋರಿಸಿ. ಸಿಕ್ಕಿಬೀಳುವುದೂ ಆ ಇಲ್ಲದ ಸೀಲಿನಿಂದಲೇ.

"ರಷ್ಯಾ ವೀಸಾ ಇದ್ದರೆ ಸಾಕು" ಎಂಬ ಮಾತಿನಲ್ಲಿ ಇನ್ನೂ ಒಂದು ಗುಂಡಿ ಇದೆ. ಭಾರತೀಯರು ಈಗ ಹೆಚ್ಚಾಗಿ ತೆಗೆದುಕೊಳ್ಳುವ ರಷ್ಯಾದ ಇ-ವೀಸಾ ಒಂದೇ ಪ್ರವೇಶದ್ದು. ಅದರಲ್ಲಿ ಸೋಚಿಗೆ ಬಂದು ಪ್ಸೋವ್ ದಾಟಿದರೆ ವೀಸಾ ಅಲ್ಲಿಗೆ ಮುಗಿಯಿತು. ವಾಪಸ್ ರಷ್ಯಾದೊಳಗೆ ಬಿಡುವುದಿಲ್ಲ. ಜುಗ್ದಿದಿ ಬಳಿಯ ಎಂಗುರಿ ಸೇತುವೆ ಮೂಲಕ ಜಾರ್ಜಿಯಾ ಕಡೆಗೆ ಇಳಿಯೋಣವೆಂದರೆ ಅಲ್ಲಿ ನಿಲ್ಲುವುದು ಜಾರ್ಜಿಯಾದ ಪೊಲೀಸರ ಮುಂದೆ, ಪ್ಸೋವ್‌ನ ನಿರ್ಗಮನ ಸೀಲು ಕೈಯಲ್ಲಿಟ್ಟುಕೊಂಡು. ಮಧ್ಯೆ ಸಿಕ್ಕಿದವರಿಗೆ ನೆರವಾಗಲು ಅಬ್ಖಾಜಿಯಾದಲ್ಲಿ ಭಾರತದ ಯಾವ ಕಚೇರಿಯೂ ಇಲ್ಲ. ಭಾರತ ಅದನ್ನು ದೇಶವೆಂದು ಮಾನ್ಯ ಮಾಡಿಲ್ಲವಾದ್ದರಿಂದ ಅದರ ರಾಜಧಾನಿ ಸುಖುಮಿಯ ಆಡಳಿತದ ಜೊತೆ ಅಧಿಕೃತ ಪತ್ರವ್ಯವಹಾರವೂ ಇಲ್ಲ.

ಹಾಗಾದರೆ ಅದು ದೇಶವೋ ಅಲ್ಲವೋ? 1933ರ ಮೊಂಟೆವಿಡಿಯೊ ಒಪ್ಪಂದ ಒಂದು ದೇಶಕ್ಕೆ ನಾಲ್ಕು ಲಕ್ಷಣ ಹೇಳುತ್ತದೆ: ಕಾಯಂ ಜನ, ಗೊತ್ತಾದ ಭೂಪ್ರದೇಶ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ. ಅಬ್ಖಾಜರು ಇದನ್ನೇ ಮುಂದಿಡುತ್ತಾರೆ. ತಮಗೆ ಸಂವಿಧಾನ ಇದೆ, ಚುನಾವಣೆ ನಡೆಯುತ್ತದೆ, ಸೋತವರು ಇಳಿಯುತ್ತಾರೆ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಲಕ್ಷಣಗಳಿದ್ದ ಮಾತ್ರಕ್ಕೆ ಆಗಲಿಲ್ಲ, ಅವು ಹೇಗೆ ಕೂಡಿಬಂದವು ಎಂಬುದನ್ನೂ ಅಂತರರಾಷ್ಟ್ರೀಯ ಕಾನೂನು ನೋಡುತ್ತದೆ. ಬೇರೊಂದು ದೇಶದ ಸೈನ್ಯದ ಬಲದ ಮೇಲೆ ನಿಂತ, ಅರ್ಧಕ್ಕೆ ಸಮೀಪದ ಜನರನ್ನು ಹೊರದಬ್ಬಿ ಉಳಿದ ಆಡಳಿತವನ್ನು ಮಾನ್ಯ ಮಾಡಲು ಬಹುತೇಕ ದೇಶಗಳು ಒಪ್ಪಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರ ಜನವರಿಯ ತೀರ್ಪಿನಲ್ಲಿ, 2008ರ ಕದನವಿರಾಮದ ನಂತರ ಅಬ್ಖಾಜಿಯಾ ಮತ್ತು ಅದರಂತೆಯೇ ಜಾರ್ಜಿಯಾದಿಂದ ಬೇರ್ಪಟ್ಟ ದಕ್ಷಿಣ ಒಸ್ಸೆಟಿಯಾಗಳು ರಷ್ಯಾದ 'ಪರಿಣಾಮಕಾರಿ ನಿಯಂತ್ರಣ'ದಲ್ಲಿವೆ ಎಂದು ಹೇಳಿತು.

ಮಾನ್ಯತೆಯ ಲೆಕ್ಕವೂ ಚಿಕ್ಕದು. 2008ರ ಆಗಸ್ಟ್ 26ರಂದು ರಷ್ಯಾ, ಕೆಲವೇ ದಿನಗಳಲ್ಲಿ ನಿಕರಾಗುವಾ, 2009ರಲ್ಲಿ ವೆನೆಜುವೆಲಾ ಮತ್ತು ನಾವುರು, 2018ರಲ್ಲಿ ಅಸಾದ್ ಆಡಳಿತದ ಸಿರಿಯಾ. ಪೆಸಿಫಿಕ್ ದ್ವೀಪಗಳಾದ ಟುವಾಲು ಮತ್ತು ವನುವಾಟು ಮಾನ್ಯತೆ ಕೊಟ್ಟು, ಆಮೇಲೆ ಹಿಂದೆ ಸರಿದವು.

ಜಗಳದ ಬೇರು ಸೋವಿಯತ್ ಕಾಲದ ಕಡತಗಳಲ್ಲಿದೆ. ಇದನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಎರಡೂ ಕಡೆಯವರು ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

1921ರಲ್ಲಿ ಅಬ್ಖಾಜಿಯಾ ಸೋವಿಯತ್ ಗಣರಾಜ್ಯವೆಂದು ಘೋಷಣೆಯಾಯಿತು. ಅದೇ ವರ್ಷದ ಕೊನೆಗೆ ಜಾರ್ಜಿಯಾದ ಜೊತೆ ಒಪ್ಪಂದದ ನಂಟು ಮಾಡಿಕೊಂಡಿತು. 1931ರಲ್ಲಿ ಸ್ಟಾಲಿನ್ ಕಾಲದ ಆಡಳಿತ ಅದನ್ನು ಜಾರ್ಜಿಯಾದೊಳಗಿನ ಸ್ವಾಯತ್ತ ಗಣರಾಜ್ಯದ ಮಟ್ಟಕ್ಕೆ ಇಳಿಸಿತು. ಅಬ್ಖಾಜರು ಆಗಲೇ ಪ್ರತಿಭಟಿಸಿದರು, ಆದರೆ ಎಲ್ಲ ತೀರ್ಮಾನವೂ ಮಾಸ್ಕೋದಲ್ಲೇ ಆಗುತ್ತಿತ್ತು. ಅರವತ್ತು ವರ್ಷದ ಮೇಲೆ ಆ ಒಂದು ಮೆಟ್ಟಿಲೇ ಎಲ್ಲವನ್ನೂ ತೀರ್ಮಾನಿಸಿತು. 1977ರ ಸೋವಿಯತ್ ಸಂವಿಧಾನದ 72ನೇ ವಿಧಿಯಲ್ಲಿ ಒಕ್ಕೂಟದಿಂದ ಹೊರಹೋಗುವ ಹಕ್ಕು ಇದ್ದದ್ದು ಹದಿನೈದು ಒಕ್ಕೂಟ ಗಣರಾಜ್ಯಗಳಿಗೆ ಮಾತ್ರ. ಒಕ್ಕೂಟ ಮುರಿದಾಗ ಜಗತ್ತು ಅದೇ ಹದಿನೈದು ಗಡಿಗಳನ್ನು ಇದ್ದಂತೆಯೇ ಒಪ್ಪಿಕೊಂಡಿತು. ಸ್ವಾಯತ್ತ ಗಣರಾಜ್ಯಗಳು ಯಾವ ಗಡಿಯೊಳಗಿದ್ದವೋ ಅದರೊಳಗೇ ಉಳಿದವು. ಚೆಚೆನ್ಯಾ ರಷ್ಯಾದೊಳಗೆ ಉಳಿದದ್ದೂ ಇದೇ ನಿಯಮದಿಂದ. ಅಬ್ಖಾಜರ ವಾದ ಬೇರೆ: 1991ರ ಮಾರ್ಚಿನಲ್ಲಿ ಒಕ್ಕೂಟ ಉಳಿಸುವ ಜನಮತಗಣನೆಯನ್ನು ಜಾರ್ಜಿಯಾ ಬಹಿಷ್ಕರಿಸಿತು, ನಾವು ಭಾಗವಹಿಸಿದೆವು, ಜಾರ್ಜಿಯಾ ಒಕ್ಕೂಟ ಬಿಟ್ಟಾಗ ನಮ್ಮನ್ನು ಕಟ್ಟಿಕೊಂಡು ಹೋಗಲು ಅದಕ್ಕೆ ಹಕ್ಕಿರಲಿಲ್ಲ. ಕಾನೂನಿನಲ್ಲಿ ಈ ವಾದ ಗೆದ್ದಿಲ್ಲ. ಹಾಗೆಂದು ತಳಬುಡವಿಲ್ಲದ್ದೂ ಅಲ್ಲ. ಸೋವಿಯತ್ ಒಕ್ಕೂಟವೇ 1990ರ ಏಪ್ರಿಲಿನಲ್ಲಿ ಮಾಡಿದ ಕಾನೂನೊಂದು, ಹೊರಹೋಗುವ ಗಣರಾಜ್ಯದೊಳಗಿನ ಸ್ವಾಯತ್ತ ಘಟಕಗಳು ತಮ್ಮ ದಾರಿಯನ್ನು ತಾವೇ ನಿರ್ಧರಿಸಬಹುದು ಎಂದಿತ್ತು.

ಇನ್ನೊಂದು ಬದಿಯಲ್ಲಿ ಜನಸಂಖ್ಯೆ ಇದೆ. 1989ರ ಜನಗಣತಿಯಲ್ಲಿ ಅಬ್ಖಾಜಿಯಾದ ಜನ ಸುಮಾರು 5 ಲಕ್ಷ 25 ಸಾವಿರ. ಅವರಲ್ಲಿ ಅಬ್ಖಾಜರು ಶೇ 18ಕ್ಕಿಂತ ತುಸು ಕಡಿಮೆ, ಜಾರ್ಜಿಯನ್ನರು ಶೇ 45ಕ್ಕಿಂತ ಹೆಚ್ಚು. ಉಳಿದವರು ಮುಖ್ಯವಾಗಿ ಅರ್ಮೇನಿಯನ್ನರು ಮತ್ತು ರಷ್ಯನ್ನರು. ಈ ಅನುಪಾತ ತಾನಾಗಿ ಬಂದದ್ದಲ್ಲ. ಸ್ಟಾಲಿನ್ ಮತ್ತು ಅವನ ಆಪ್ತ ಬೆರಿಯಾ ಕಾಲದಲ್ಲಿ ಜಾರ್ಜಿಯನ್ ರೈತರನ್ನು ತಂದು ನೆಲೆಗೊಳಿಸಲಾಯಿತು, ಅಬ್ಖಾಜ ಭಾಷೆಯ ಶಾಲೆಗಳನ್ನು ಮುಚ್ಚಲಾಯಿತು. ತಮ್ಮ ನೆಲದಲ್ಲೇ ಕರಗಿಹೋಗುವ ಅಬ್ಖಾಜರ ಭಯ ಹುಟ್ಟಿದ್ದು ಅಲ್ಲಿ. ಎಲ್ಲರಿಗಿಂತ ಹೆಚ್ಚಿರುವ ನಮ್ಮ ಮಾತಿಗೆ ಬೆಲೆಯಿಲ್ಲವೇ ಎಂಬ ಜಾರ್ಜಿಯನ್ನರ ಸಿಟ್ಟು ಅದರ ಇನ್ನೊಂದು ಮುಖ.

1992ರ ಮೂರು ವಾರಗಳನ್ನು ಹತ್ತಿರದಿಂದ ನೋಡಿ. ಜುಲೈ 23ರಂದು ಸುಖುಮಿಯ ಶಾಸನಸಭೆ 1925ರ ಸಂವಿಧಾನಕ್ಕೆ, ಅಂದರೆ ಸ್ವಾಯತ್ತ ಗಣರಾಜ್ಯದ ಮಟ್ಟಕ್ಕೆ ಇಳಿಸುವ ಮೊದಲಿನ ಸ್ಥಾನಮಾನಕ್ಕೆ, ಮರಳುವುದಾಗಿ ಘೋಷಿಸಿತು. ಜುಲೈ 31ರಂದು ಜಾರ್ಜಿಯಾ ವಿಶ್ವಸಂಸ್ಥೆಯ ಸದಸ್ಯನಾಯಿತು, ಅಬ್ಖಾಜಿಯಾವನ್ನೂ ಒಳಗೊಂಡ ಗಡಿಯೊಂದಿಗೆ. ಆಗಸ್ಟ್ 14ರಂದು ಜಾರ್ಜಿಯಾದ ಪಡೆಗಳು ಅಬ್ಖಾಜಿಯಾದೊಳಗೆ ನುಗ್ಗಿದವು. ಆ ಅಕ್ಟೋಬರಿನಲ್ಲಿ ಸುಖುಮಿಯಲ್ಲಿದ್ದ ಅಬ್ಖಾಜಿಯಾದ ಸರ್ಕಾರಿ ದಾಖಲೆ ಭಂಡಾರ ಸುಟ್ಟು ಬೂದಿಯಾಯಿತು. ಅಬ್ಖಾಜರು ಇವತ್ತಿಗೂ ಅದನ್ನು ಮರೆತಿಲ್ಲ. ಉತ್ತರ ಕಾಕಸಸ್‌ನ ಹೋರಾಟಗಾರರು ಮತ್ತು ರಷ್ಯಾದ ನೆರವು ಅಬ್ಖಾಜರ ಕೈಸೇರಿದ ಮೇಲೆ ಯುದ್ಧದ ದಿಕ್ಕು ತಿರುಗಿತು. 1993ರ ಸೆಪ್ಟೆಂಬರ್ 27ರಂದು ಸುಖುಮಿ ಅವರ ವಶವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆಮಠ ಬಿಟ್ಟು ಓಡಿದರು, ಕೆಲವರು ಸ್ವಾನೆತಿಯ ಹಿಮದ ಕಣಿವೆಗಳಲ್ಲಿ ನಡೆದೇ ದಾಟಿದರು. ಯುರೋಪಿನ ಭದ್ರತಾ ಸಂಸ್ಥೆ ಓಎಸ್‌ಸಿಇ ಇದನ್ನು ಜನಾಂಗೀಯ ನಿರ್ಮೂಲನೆ ಎಂದೇ ಕರೆಯಿತು. ಟಿಬಿಲಿಸಿಯ ಮಧ್ಯದಲ್ಲಿದ್ದ 'ಇವೇರಿಯಾ' ಎಂಬ ದೊಡ್ಡ ಹೋಟೆಲ್ ವರ್ಷಗಟ್ಟಲೆ ಆ ನಿರಾಶ್ರಿತರ ವಠಾರವಾಗಿತ್ತು. ನಿಮ್ಮ ಮಗಳ ಮನೆಯೊಡತಿಯೋ ಉಪನ್ಯಾಸಕರೋ ಸುಖುಮಿಯಲ್ಲಿ ಹುಟ್ಟಿದವರಾಗಿರಬಹುದು. ಗಗ್ರಾ ಬೀಚಿನ ಸೆಲ್ಫಿಯನ್ನು ಅಲ್ಲಿ ತೋರಿಸುವ ಮೊದಲು ಇದು ಗೊತ್ತಿರಲಿ.

ಈಗ ಯುದ್ಧ ಇದೆಯೇ? ಇಲ್ಲ. ನೆಲಬಾಂಬುಗಳ ಭಯವನ್ನೂ ಅನೇಕರು ಹೇಳುತ್ತಾರೆ. ಹೇಲೋ ಟ್ರಸ್ಟ್ ಎಂಬ ಸಂಸ್ಥೆ ವರ್ಷಗಟ್ಟಲೆ ತೆರವು ಮಾಡಿ, 2011ರಲ್ಲಿ ಅಬ್ಖಾಜಿಯಾವನ್ನು ನೆಲಬಾಂಬ್ ಮುಕ್ತವೆಂದು ಘೋಷಿಸಿತು. ಈಗಿನ ಅಸ್ಥಿರತೆ ಬೇರೆ ತರಹದ್ದು. 2024ರ ನವೆಂಬರಿನಲ್ಲಿ ರಷ್ಯಾದ ಹೂಡಿಕೆದಾರರಿಗೆ ಅನುಕೂಲ ಮಾಡಿಕೊಡುವ ಒಪ್ಪಂದವೊಂದರ ವಿರುದ್ಧ ಸುಖುಮಿಯ ಜನ ಸಂಸತ್ ಕಟ್ಟಡಕ್ಕೇ ನುಗ್ಗಿದರು, ಅಧ್ಯಕ್ಷ ಅಸ್ಲಾನ್ ಬ್ಜಾನಿಯಾ ರಾಜೀನಾಮೆ ಕೊಟ್ಟರು. 2025ರಲ್ಲಿ ಬದ್ರಾ ಗುನ್ಬಾ ಗೆದ್ದು ಬಂದರು. ರಷ್ಯಾ ಇಲ್ಲದೆ ಪಿಂಚಣಿಯೂ ನಡೆಯದ ಊರಿನಲ್ಲಿ ರಷ್ಯನ್ನರಿಗೆ ಮನೆ ಮಾರುವುದನ್ನು ಜನ ಬೀದಿಗಿಳಿದು ತಡೆಯುತ್ತಾರೆ. 'ಅದು ರಷ್ಯಾದ ಕೈಗೊಂಬೆ, ಅಷ್ಟೇ' ಎನ್ನುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ಎರಡೂ ಕಡೆ ಒಬ್ಬರನ್ನೊಬ್ಬರು ಒಪ್ಪದೆಯೂ ಹೇಗೆ ಬದುಕುತ್ತಾರೆ ಎಂಬುದಕ್ಕೆ ಎಂಗುರಿ ಜಲವಿದ್ಯುತ್ ಯೋಜನೆ ನೋಡಬೇಕು. 271.5 ಮೀಟರ್ ಎತ್ತರದ ಕಮಾನು ಅಣೆಕಟ್ಟು ಇರುವುದು ಜಾರ್ಜಿಯಾದ ಹಿಡಿತದ ಜ್ವಾರಿಯ ಬಳಿ. ಅಲ್ಲಿಂದ ನೀರು ಸುಮಾರು 15 ಕಿ.ಮೀ. ಸುರಂಗದಲ್ಲಿ ಹರಿದು ಬೀಳುವುದು ಅಬ್ಖಾಜಿಯಾದ ಹಿಡಿತದ ಗಾಲಿ ಜಿಲ್ಲೆಯ ವಿದ್ಯುದಾಗಾರಕ್ಕೆ. ಒಬ್ಬರು ಗೇಟು ಮುಚ್ಚಿದರೆ ಇನ್ನೊಬ್ಬರಿಗೆ ಟರ್ಬೈನ್ ಇಲ್ಲ, ಇನ್ನೊಬ್ಬರು ಟರ್ಬೈನ್ ನಿಲ್ಲಿಸಿದರೆ ಇವರಿಗೆ ಕರೆಂಟಿಲ್ಲ. 90ರ ದಶಕದಿಂದಲೂ ಶೇ 60 ಜಾರ್ಜಿಯಾಕ್ಕೆ, ಶೇ 40 ಅಬ್ಖಾಜಿಯಾಕ್ಕೆ ಎಂಬ ಹಂಚಿಕೆ ನಡೆದುಬಂದಿದೆ. ಚಳಿಗಾಲದಲ್ಲಿ ನೀರು ಇಳಿಯುತ್ತದೆ, ಕ್ರಿಪ್ಟೊ ಗಣಿಗಾರಿಕೆಯ ಯಂತ್ರಗಳೂ ಸೇರಿ ಅಬ್ಖಾಜಿಯಾದ ಬಳಕೆ ತನ್ನ ಪಾಲನ್ನು ಮೀರುತ್ತದೆ. 2024ರ ಡಿಸೆಂಬರಿನಲ್ಲಿ ದಿನಕ್ಕೆ ಕೆಲವೇ ಗಂಟೆ ಕರೆಂಟು ಸಿಕ್ಕಿ ಶಾಲೆಗಳಿಗೆ ರಜೆ ಕೊಡಬೇಕಾಯಿತು.

ಇನ್ನು ಕಾನೂನಿಗೆ ಒಪ್ಪುವ ದಾರಿ. ಹೋಗಲೇಬೇಕೆಂದರೆ ಅದು ಜುಗ್ದಿದಿ ಮೂಲಕ. ಮೊದಲು ಅಬ್ಖಾಜ ವಿದೇಶಾಂಗ ಕಚೇರಿಗೆ ಅರ್ಜಿ ಮತ್ತು ಪಾಸ್‌ಪೋರ್ಟ್ ಪ್ರತಿಯನ್ನು ಇಮೇಲಿನಲ್ಲಿ ಕಳಿಸಿ ಪ್ರವೇಶಪತ್ರ ತರಿಸಿಕೊಳ್ಳಬೇಕು. ಅರ್ಜಿಯಲ್ಲಿ ಎಂಗುರಿ ಠಾಣೆಯನ್ನೇ ನಮೂದಿಸಬೇಕು. ಪತ್ರದ ಹೆಸರು ಮತ್ತು ನಂಬರ್ ಪಾಸ್‌ಪೋರ್ಟಿನ ಜೊತೆ ಅಕ್ಷರಶಃ ತಾಳೆಯಾಗಬೇಕು. ನಮ್ಮವರ ಇನಿಶಿಯಲ್ಲು, ತಂದೆಯ ಹೆಸರಿನ ಗೊಂದಲ ಇಲ್ಲೇ ಕಾಡುವುದು. ಪತ್ರ ಸಿಗುವ ಖಾತ್ರಿಯಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಸಿಕ್ಕರೆ ಎರಡು ಪ್ರತಿ ಮುದ್ರಿಸಿಕೊಳ್ಳಲಿ. ಟಿಬಿಲಿಸಿಯಿಂದ ರೈಲಿನಲ್ಲಿ ಜುಗ್ದಿದಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಸೇತುವೆ. ಜಾರ್ಜಿಯಾದ ಪೊಲೀಸರು ಪಾಸ್‌ಪೋರ್ಟ್, ಟಿಆರ್‌ಸಿ ಕಾರ್ಡ್ (ತಾತ್ಕಾಲಿಕ ವಾಸದ ಪರವಾನಗಿ) ನೋಡಿ ಮೇಲಿನವರಿಗೆ ಫೋನ್ ಮಾಡುತ್ತಾರೆ, ಕಾಯಿಸುತ್ತಾರೆ. ಸೀಲು ಹಾಕುವುದಿಲ್ಲ, ಅವರ ಪ್ರಕಾರ ಅವಳು ದೇಶ ಬಿಡುತ್ತಲೇ ಇಲ್ಲ. ಆಮೇಲೆ ಮುಕ್ಕಾಲು ಕಿಲೋಮೀಟರಿಗೂ ಉದ್ದದ, ಎರಡನೇ ಮಹಾಯುದ್ಧದ ಜರ್ಮನ್ ಕೈದಿಗಳು ಕಟ್ಟಿದ ಸೇತುವೆಯನ್ನು ನಡೆದು ದಾಟಬೇಕು. ಆ ತುದಿಯಲ್ಲಿ ಅಬ್ಖಾಜರ ಜೊತೆ ರಷ್ಯಾದ ಗಡಿ ಕಾವಲುಗಾರರೂ ಇರುತ್ತಾರೆ. ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಏಕೆಂದರೆ ಅಲ್ಲಿ ನಡೆಯುವುದು ಮಾಸ್ಕೋ ಸಮಯ.

ಒಳಗೆ ರೂಬಲ್ ಬೇಕು, ನಗದಾಗಿ. ಜಾರ್ಜಿಯಾದ ಹಣವಾದ 'ಲಾರಿ' ನಡೆಯುವುದಿಲ್ಲ, ಜಾರ್ಜಿಯಾದ ಅಥವಾ ಭಾರತದ ಬ್ಯಾಂಕ್ ಕಾರ್ಡನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಜಾರ್ಜಿಯಾದ ಸಿಮ್ ಸೇತುವೆ ದಾಟಿದ ಮೇಲೆ ಬೇಗನೆ ಸತ್ತುಹೋಗುತ್ತದೆ. ಪ್ರವಾಸ ವಿಮೆ ಅನ್ವಯಿಸುತ್ತದೆಯೇ ಎಂದು ಕಂಪನಿಯಿಂದ ಲಿಖಿತವಾಗಿ ಕೇಳಿಕೊಳ್ಳಿ. ಹೆಚ್ಚಿನವು ಇಂಥ ಪ್ರದೇಶವನ್ನು ಹೊರಗಿಟ್ಟಿರುತ್ತವೆ. ವಾಪಸಾಗುವುದೂ ಕಡ್ಡಾಯವಾಗಿ ಅದೇ ಸೇತುವೆಯಲ್ಲಿ, ಪತ್ರದ ಅವಧಿಯೊಳಗೆ, ಕೊನೆಯ ದಿನಕ್ಕೆ ಉಳಿಸಿಕೊಳ್ಳದೆ. ಪ್ರತಿಭಟನೆ, ಚುನಾವಣೆ, ಸಾಂಕ್ರಾಮಿಕದ ನೆಪದಲ್ಲಿ ಆ ಠಾಣೆ ಹೇಳದೆ ಕೇಳದೆ ಮುಚ್ಚಿದ ಉದಾಹರಣೆಗಳಿವೆ. ಹಾಗೆ ಮುಚ್ಚಿದರೆ ಉಳಿಯುವ ಬಾಗಿಲು ಪ್ಸೋವ್ ಒಂದೇ. ಅದಕ್ಕೆ ರಷ್ಯಾ ವೀಸಾ ಬೇಕು, ಅದರಲ್ಲಿ ಹೊರಟರೆ ಜಾರ್ಜಿಯಾದ ಲೆಕ್ಕದಲ್ಲಿ ಅಕ್ರಮ ನಿರ್ಗಮನ. ಪರೀಕ್ಷೆ ಹತ್ತಿರವಿರುವಾಗ ಈ ಪ್ರವಾಸ ಬೇಡವೆನ್ನುವುದು ಇದೇ ಕಾರಣಕ್ಕೆ.

2025ರ ಮೇ ತಿಂಗಳಿಂದ ಸುಖುಮಿ ವಿಮಾನ ನಿಲ್ದಾಣಕ್ಕೆ ರಷ್ಯಾದಿಂದ ವಿಮಾನಗಳು ಶುರುವಾಗಿವೆ. ಏಜೆಂಟ್ ಅದನ್ನು ತೋರಿಸಿದರೂ ಉತ್ತರ ಬದಲಾಗುವುದಿಲ್ಲ. ಆಕಾಶದಿಂದ ಬಂದರೂ ಜಾರ್ಜಿಯಾದ ಕಾಯ್ದೆಗೆ ಅದು ರಷ್ಯಾ ಕಡೆಯ ಪ್ರವೇಶವೇ. ಹಾಗೆಯೇ 'ಸುಖುಮಿಯಲ್ಲಿ ಕಡಿಮೆ ಫೀಸಿಗೆ ಸೀಟು', 'ಕಡಲ ಪಕ್ಕ ಅಗ್ಗದ ಫ್ಲ್ಯಾಟು' ಎನ್ನುವವರಿಗೆ ಮುಂಗಡ ಕೊಡಬೇಡಿ. ಅಲ್ಲಿಯ ಕಾಗದಪತ್ರಕ್ಕೆ ಭಾರತದಲ್ಲಿ ನಡೆಯುವ ದೃಢೀಕರಣ ಕೊಡಿಸಲು ದಾರಿಯಿಲ್ಲ. ಆಸ್ತಿ ವ್ಯವಹಾರವನ್ನಂತೂ ಜಾರ್ಜಿಯಾದ ಕಾನೂನು ಅಸಿಂಧು ಎನ್ನುತ್ತದೆ.

ದಕ್ಷಿಣ ಒಸ್ಸೆಟಿಯಾಕ್ಕೆ ಕಾಗದದ ಮೇಲೆ ಗೋರಿ ಎಂಬ ಊರಿನ ಕಡೆಯಿಂದ ಹೋಗಬಹುದು, ವಾಸ್ತವದಲ್ಲಿ ಆ ದಾರಿ ಮುಚ್ಚಿದೆ. ಗೋರಿ ಸುತ್ತಮುತ್ತ ಚಾರಣಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಮಾತ್ರ ಒಂದು ಎಚ್ಚರಿಕೆ. ಅಲ್ಲಿ ಗೆರೆ ಕೆಲವು ಕಡೆ ಮುಳ್ಳುತಂತಿ, ಕೆಲವು ಕಡೆ ಬರೀ ಹಸಿರು ಫಲಕ, ಕೆಲವು ಕಡೆ ಏನೂ ಇಲ್ಲ. ದನ ಅಟ್ಟಿಕೊಂಡು ಹೋದ ಹಳ್ಳಿಗರನ್ನೇ ಹಿಡಿದೊಯ್ದಿದ್ದಾರೆ. ಫೋನಿನ ನಕ್ಷೆ ನೋಡಿಕೊಂಡು ಆ ಗೆರೆಯ ಹತ್ತಿರ ಸುಳಿಯಬಾರದು.

ಗುಂಪಿನಲ್ಲಿ ಯಾರಾದರೂ ಈಗಾಗಲೇ ಪ್ಸೋವ್ ಮೂಲಕ ಹೋಗಿಬಂದಿದ್ದರೆ, ಟಿಬಿಲಿಸಿಗೆ ಟಿಕೆಟ್ ತೆಗೆಯುವ ಮುನ್ನ ಜಾರ್ಜಿಯಾದ ವಕೀಲರೊಬ್ಬರ ಜೊತೆ ಮಾತಾಡಲಿ. ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ, ಅವು ಅನ್ವಯಿಸುತ್ತವೆಯೇ ಎಂದು ಅವರೇ ನೋಡಬೇಕು. ಗಡಿಯಲ್ಲಿ ಕೇಳಿದರೆ ಸುಳ್ಳು ಹೇಳಬಾರದು. ಪಾಸ್‌ಪೋರ್ಟ್ ಕಳೆದುಹೋಯಿತೆಂದು ದೂರು ಕೊಟ್ಟು ಹೊಸದನ್ನು ತರುವ ಉಪಾಯವನ್ನು ಏಜೆಂಟರೇ ಹೇಳಿಕೊಡುವುದುಂಟು. ಸುಳ್ಳು ದೂರು ಭಾರತದಲ್ಲೂ ಅಪರಾಧ. ಅದಲ್ಲದೆ ಲಾರ್ಸ್‌ನಲ್ಲಿ ಅವಳು ಜಾರ್ಜಿಯಾ ಬಿಟ್ಟ ದಿನ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ, ಟಿಆರ್‌ಸಿಯಲ್ಲಿ ಹಳೆಯ ಹೆಸರು, ಹುಟ್ಟಿದ ದಿನ ಹಾಗೇ ಇರುತ್ತವೆ. ಪಾಸ್‌ಪೋರ್ಟ್ ಮಾತ್ರ ಯಾಕೆ ಹೊಸದು ಎಂಬ ಪ್ರಶ್ನೆಗೂ ಆಗ ಉತ್ತರ ಹುಡುಕಬೇಕಾಗುತ್ತದೆ.